ಅಣ್ಣನ ಕಿವಿಗೊಂದು ಸರ್ಕಿಟ್

ಬೀದಿದೀಪ ಇನ್ನೂ ಆರಿಲ್ಲ. ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತ ಹೆಂಗಸೊಬ್ಬರು ಬೋಗುಣಿಯ ಸೋಪಿನ ನೀರಿನಲ್ಲಿ ಕೈಯಾಡಿಸಿ ಉದ್ದನೆಯ ಬಿಳಿ ಪಟ್ಟಿಯೊಂದನ್ನು ಮೇಲೆತ್ತುತ್ತಾರೆ. ಹಳೆಯ ಟೂತ್‌ಬ್ರಷ್‌ನಿಂದ ಅದರ ಅಂಚು ತಿಕ್ಕುತ್ತಾರೆ, ಮಗುಚಿ ಹಾಕಿ ಅಡಿಯ ಕೊಳೆ ಕೆದಕುತ್ತಾರೆ, ಬಕೆಟ್ಟಿನ ಒಳ್ಳೆಯ ನೀರಿನಲ್ಲಿ ಅದ್ದಿ, ಮಡಿಲಿನ ಟವೆಲಿನಲ್ಲಿ ಒರೆಸಿ ಪಕ್ಕಕ್ಕಿಡುತ್ತಾರೆ. ಆಮೇಲೆ ಇನ್ನೊಂದು. ಪಕ್ಕದಲ್ಲಿ ಹಾಸಿದ ಹಳೆಯ ಹೊದಿಕೆಯ ಮೇಲೆ ಬಿಳಿಯವುಗಳದ್ದೊಂದು ಸಾಲು, ಕರಿಯವುಗಳದ್ದೊಂದು ಸಾಲು. ಒಳಗೆ ಮಲಗಿದವರಿಗೆ ಎಚ್ಚರವಾಗಬಾರದೆಂದು ನಲ್ಲಿಯನ್ನೂ ಪೂರ್ತಿ ತಿರುಗಿಸಿಲ್ಲ. ಬಕೆಟ್ಟಿನ ಒಳಮೈಗೆ ಅಂಟಿಕೊಂಡೇ ಇಳಿಯುವಷ್ಟು ಸಣ್ಣ ಧಾರೆ.

ಹಾಲು ಹಾಕುವವನು ಹಿತ್ತಿಲ ಗೇಟಿನ ಮೇಲಿಂದ ಬಗ್ಗಿ ನೋಡುತ್ತಾನೆ.

"ಏನಕ್ಕಾ, ಬೆಳಬೆಳಿಗ್ಗೆ ಯಾರ ಹಲ್ಲು ಸೆಟ್ಟು ತೊಳೀತಿದೀರಾ?"

"ಅಣ್ಣಂದು," ಅವರು ತಲೆ ಎತ್ತದೆ ಪಿಸುಗುಡುತ್ತಾರೆ. "ಮೆಲ್ಲಗೆ ಮಾತಾಡಪ್ಪಾ. ಹಲ್ಲಿನ ಯಜಮಾನರು ಎದ್ದುಬಿಟ್ಟಾರು."

ತೊಳೆಯುತ್ತಿರುವುದು ಹಲ್ಲಲ್ಲ, ಸಿಂತಸೈಜರಿನ ಕೀಗಳು. ಆದರೆ ಅಣ್ಣನದೇ ಎಂಬುದು ನಿಜ. ಮದುವೆ ಮನೆಗಳಲ್ಲಿ, ಸಭಾಂಗಣಗಳಲ್ಲಿ, ಒಮ್ಮೊಮ್ಮೆ ಲಾರಿಯ ಹಿಂಭಾಗದಲ್ಲೂ ನಿಂತು ಅಣ್ಣ ಅರ್ಧ ಆಯುಷ್ಯ ನುಡಿಸಿದ ವಾದ್ಯ ಅದು. ಸುಮಾರು ನಾಲ್ಕು ತಿಂಗಳಿಂದ ಅವರು ಅದರ ಮೇಲೆ ಕೈ ಇಟ್ಟಿಲ್ಲ. ಇವತ್ತು ಇಡುತ್ತಾರೋ ಇಲ್ಲವೋ ಎಂಬುದೇ ಈ ಬೆಳಿಗ್ಗೆ ತಂಗಿಯ ನಿದ್ದೆಗೆಡಿಸಿರುವ ಸಂಗತಿ.

ತಂಗಿಗೆ ಐವತ್ತು ದಾಟಿದೆ. ಬೀದಿಯವರ ಬಾಯಲ್ಲಿ ಅವರು ಸೋಲ್ಡರಕ್ಕ. ಅಣ್ಣನಿಗೆ ಮಾತ್ರ ಇವತ್ತಿಗೂ ಪುಟ್ಟಿ. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಅಲ್ಲೊಂದು ಉದ್ದ ಮೇಜು, ಸ್ವರದ ಅಲೆಯನ್ನು ಹಸಿರು ಗೆರೆಯಾಗಿ ತೋರಿಸುವ, ಗುಜರಿಯಿಂದ ತಂದು ರಿಪೇರಿ ಮಾಡಿಕೊಂಡ ಪರದೆ, ತುದಿ ಕಪ್ಪಾದ ಸೋಲ್ಡರಿಂಗ್ ಐರನ್. ಗೋಡೆಯುದ್ದಕ್ಕೂ ಮೊಟ್ಟೆ ಇಡುವ ರಟ್ಟಿನ ಟ್ರೇಗಳು. ಒಂದೊಂದು ಗುಳಿಯಲ್ಲೂ ಒಂದೊಂದು ಬಗೆಯ ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರ್. ಯಾವ ಗುಳಿಯಲ್ಲಿ ಯಾವುದಿದೆ ಎಂದು ಎಲ್ಲೂ ಬರೆದಿಲ್ಲ. ನೋಡದೆಯೇ ಕೈ ಹಾಕುತ್ತಾರೆ, ಬೇಕಾದದ್ದೇ ಸಿಗುತ್ತದೆ.

ಅವರ ಮೇಜಿಗೆ ಬರುವುದು ಹಳೆಯ ಕಾಲದ ಸಿಂತಸೈಜರುಗಳು. ಇವುಗಳ ಒಳಗೆ ಮೀಟುವ ತಂತಿ ಇಲ್ಲ, ಊದುವ ಗಾಳಿ ಇಲ್ಲ, ಮೊದಲೇ ತುಂಬಿಟ್ಟ ದನಿಯೂ ಇಲ್ಲ. ಕರೆಂಟೇ ನಡುಗಿ ಸ್ವರವಾಗಬೇಕು. ಮಾಡಿದವರು ಕೊಟ್ಟ ಸ್ವರಗಳು ಸಾಲದು ಎನ್ನುವ ವಾದ್ಯಗಾರರು ಅಕ್ಕನ ಬಾಗಿಲು ತಟ್ಟುತ್ತಾರೆ. ಅಕ್ಕ ಪೆಟ್ಟಿಗೆಯ ತಿರುಪು ಬಿಚ್ಚಿ, ತಾವೇ ಮಾಡಿದ ಸಣ್ಣ ಬೋರ್ಡೊಂದನ್ನು ಒಳಗೆ ಕೂರಿಸಿ, ಮೈಮೇಲೆ ಹೊಸದೊಂದು ನಾಬ್ ಮೂಡಿಸಿ ಕಳಿಸುತ್ತಾರೆ. ಒಬ್ಬನಿಗೆ ದನಿ ಬಿಕ್ಕಬೇಕು. ಒಬ್ಬಳಿಗೆ ಒಂದು ಸ್ವರದ ಹಿಂದೆಯೇ ಅದರ ನೆರಳು ಓಡಿ ಬರಬೇಕು. ಇನ್ನೊಬ್ಬ ಬಂದು, "ಅಕ್ಕಾ, ಮುನಿಸ್ಕೊಂಡು ಮಾತಾಡೋ ಥರ ಒಂದು ಸೌಂಡ್ ಬೇಕು" ಎಂದನಂತೆ.

"ಯಾರು ಮುನಿಸ್ಕೊಂಡಿರೋದು ಅಂತ ಕೇಳ್ದೆ. ಹೆಂಡ್ತಿ ಅಂದ. ಎಷ್ಟು ದಿನದಿಂದ ಅಂತ ಕೇಳ್ದೆ. ಒಂದು ವಾರ ಅಂದ. ಹಾಗಾದ್ರೆ ಮೊದಲು ಮನೆಗೆ ಹೋಗಪ್ಪಾ, ಸರ್ಕಿಟ್ ಆಮೇಲೆ ನೋಡೋಣ ಅಂದೆ," ಎಂದು ಅಕ್ಕ ನಗುತ್ತಾರೆ. ಸೌಂಡನ್ನೂ ಮಾಡಿ ಕೊಟ್ಟರು. ಈಗ ಅವನು ಅದನ್ನೇ ಎಲ್ಲ ಹಾಡಿಗೂ ಹಾಕುತ್ತಾನಂತೆ.

ಬೋರ್ಡುಗಳನ್ನು ಅವರು ಕೊಳ್ಳುವುದಿಲ್ಲ. ತಾಮ್ರದ ಹಾಳೆ ಅಂಟಿಸಿದ ಹಲಗೆಯ ಮೇಲೆ ನೇಲ್ ಪಾಲಿಶ್‌ನಿಂದ ಗೆರೆ ಎಳೆಯುತ್ತಾರೆ. ಆಮೇಲೆ ಅದನ್ನು ಕಂದು ಬಣ್ಣದ ಘಾಟು ದ್ರಾವಣದಲ್ಲಿ ಮುಳುಗಿಸಿ, ಮಗು ತೂಗಿದ ಹಾಗೆ ತಟ್ಟೆಯನ್ನು ತೂಗುತ್ತಾ ಕೂರುತ್ತಾರೆ. ಬಣ್ಣ ಬಳಿದಲ್ಲಿ ತಾಮ್ರ ಉಳಿಯುತ್ತದೆ, ಉಳಿದದ್ದು ಕರಗಿಹೋಗುತ್ತದೆ. ಆ ತಟ್ಟೆ ಅತ್ತಿಗೆಯದು. ಮನೆಯಲ್ಲಿರುವವರು ಮೂವರೇ: ಅಣ್ಣ, ಅತ್ತಿಗೆ, ಅಕ್ಕ. ಈ ವಿಷಯ ಎತ್ತಿದರೆ ಸಾಕು, ಅತ್ತಿಗೆ ಅಡುಗೆಮನೆಯಿಂದಲೇ ದನಿ ಏರಿಸುತ್ತಾರೆ.

"ಅದು ನನ್ನ ಕೇಕ್ ತಟ್ಟೆ! ಮೊದಲನೇದು ಹೋಯ್ತು, ಎರಡನೇದು ತಂದೆ, ಅದೂ ಹೋಯ್ತು. ಈಗ ಕೇಕ್ ಮಾಡೋದನ್ನೇ ಬಿಟ್ಟಿದೀನಿ. ಇನ್ನು ನೇಲ್ ಪಾಲಿಶ್ ಕಥೆ ಕೇಳ್ಬೇಡಿ. ಇಷ್ಟು ವರ್ಷದಲ್ಲಿ ಈ ಮನೆಗೆ ಬಂದ ಒಂದು ಬಾಟ್ಲಿಯೂ ಉಗುರು ಅನ್ನೋದನ್ನ ಕಂಡಿಲ್ಲ."

"ಅತ್ತಿಗೆ, ಹೋದ ಸಲದ ಗುಲಾಬಿ ಬಣ್ಣ ನೀವೇ ಆರಿಸಿದ್ದಲ್ವಾ?"

"ಒಳಗಡೆ ಇರೋದಾದ್ರೂ ಚೆನ್ನಾಗಿರಲಿ ಅಂತ."

ಅಕ್ಕ ಶಾಲೆ ಬಿಟ್ಟಾಗ ಲಂಗ ತೊಡುವ ವಯಸ್ಸು. ಊರಂಚಿನಲ್ಲಿದ್ದ ರೇಡಿಯೊ ಕಾರ್ಖಾನೆಯಲ್ಲಿ ಸಾಲಾಗಿ ಕುಳಿತು ಬೆಸೆಯುವ ಕೆಲಸ. ಮುಂದೆ ಸರಿದು ಬರುವ ಪ್ರತಿ ಬೋರ್ಡಿಗೂ ಅವರು ಹಾಕಬೇಕಿದ್ದುದು ಎರಡೇ ಬೆಸುಗೆ. ಉಳಿದದ್ದು ಪಕ್ಕದವಳದು. ತಮ್ಮ ಎರಡು ಬೆಸುಗೆ ಮುಗಿಸಿ, ಮುಂದಿನದು ಬರುವುದರೊಳಗೆ ಪಕ್ಕದವಳ ಕೈಯನ್ನು ನೋಡುತ್ತಿದ್ದರು. ಅವಳಾಚೆಗಿನವಳ ಕೈಯನ್ನೂ. ಹೀಗೆ ಕದ್ದು ನೋಡಿ ನೋಡಿಯೇ ಇಡೀ ರೇಡಿಯೊ ಅವರ ಕಣ್ಣೊಳಗೆ ಇಳಿಯಿತು. ಕಾರ್ಖಾನೆ ಮುಚ್ಚಿದ ಮೇಲೆ ಕೆಲವು ಕಾಲ ಮಿಕ್ಸಿ, ಫ್ಯಾನು ರಿಪೇರಿ. ಗಂಡ ತೀರಿಕೊಂಡ ವರ್ಷ ಅಣ್ಣ ಬಂದು, "ಪೆಟ್ಟಿಗೆ ಕಟ್ಟು" ಎಂದಷ್ಟೇ ಹೇಳಿ ತನ್ನ ಮನೆಗೆ ಕರೆತಂದರು.

ಆ ದಿನಗಳಲ್ಲೇ ಅಣ್ಣನ ಸಿಂತಸೈಜರ್ ಒಂದು ಮದುವೆಯ ನಡುವೆ ಕೈಕೊಟ್ಟಿತು. ವೇದಿಕೆಯ ದೀಪದ ಬಿಸಿಗೆ ಸ್ವರ ಮೆಲ್ಲಮೆಲ್ಲನೆ ಜಾರತೊಡಗಿತು. ಹಾಡುವವಳು ಅದನ್ನೇ ಹಿಂಬಾಲಿಸಿದಳು. ಕೊನೆಗೆ ಇಡೀ ಬ್ಯಾಂಡು ಕೆಳಗಿಳಿದು ಗೊಗ್ಗರು ದನಿಯಲ್ಲಿ ಹಾಡು ಮುಗಿಸಿತು. ರಿಪೇರಿಯವರೆಲ್ಲ ಕೈಚೆಲ್ಲಿ ಕಳಿಸಿದ ಪೆಟ್ಟಿಗೆಯನ್ನು ಅಣ್ಣ ಮಂಚದ ಕೆಳಗೆ ತಳ್ಳಿದರು. ಅವರು ಮನೆಯಲ್ಲಿಲ್ಲದ ಹೊತ್ತು ನೋಡಿ ಪುಟ್ಟಿ ಅದನ್ನು ಎಳೆದು ಬಿಚ್ಚಿದರು.

"ಹೆದರ್ಕೊಂಡೇ ತೆಗೆದೆ. ನೋಡಿದ್ರೆ ಒಳಗೆಲ್ಲ ಗೊತ್ತಿರೋ ಮುಖಗಳೇ. ಇವನು ಅಲ್ಲಿದ್ದ, ಇವಳು ಇಲ್ಲಿದ್ಲು, ಈಗ ಬೇರೆ ಮನೆಗೆ ಬಂದಿದಾರೆ ಅಷ್ಟೇ," ಎನ್ನುತ್ತಾರೆ ಅಕ್ಕ. ಬಿಸಿ ಏರಿದಷ್ಟೂ ತಾನೂ ಬದಲಾಗಿ, ಜಾರುವ ಸ್ವರವನ್ನು ಹಿಡಿದು ನಿಲ್ಲಿಸುವ ಒಂದು ಬಗೆಯ ರೆಸಿಸ್ಟರ್ ಇದೆ. ಅದನ್ನು ಟ್ರಾನ್ಸಿಸ್ಟರಿನ ಬೆನ್ನಿಗೆ ಅಂಟಿಸಿದರು. ಆಮೇಲೆ ಆ ವಾದ್ಯ ಯಾವ ದೀಪಕ್ಕೂ ಜಗ್ಗಲಿಲ್ಲ. ಸುದ್ದಿ ಬ್ಯಾಂಡಿನಿಂದ ಬ್ಯಾಂಡಿಗೆ ಹರಡಿತು.

ಅಕ್ಕನಿಗೆ ಇರುವ ಕೊರತೆ ಕೇಳಿದರೆ ನಗು ಬರುತ್ತದೆ. ಅವರಿಗೆ ಸ್ವರಜ್ಞಾನ ಎಂಬುದು ಚೂರೂ ಇಲ್ಲ. "ಎರಡು ಸ್ವರ ನುಡಿಸಿ ಯಾವುದು ಮೇಲಿಂದು ಅಂತ ಕೇಳಿದ್ರೆ ನಾನು ನಾಣ್ಯ ಚಿಮ್ಮಿ ಹೇಳ್ಬೇಕು. ಮೀಟರ್ ಮುಳ್ಳು ನೋಡಿ ಅಳತೆ ಕೂರಿಸ್ತೀನಿ. ಆದ್ರೆ ಅದಕ್ಕೆ ಜೀವ ಬಂತೋ ಇಲ್ವೋ ಅಂತ ಮುಳ್ಳು ಹೇಳಲ್ವಲ್ಲ." ಅದನ್ನು ಹೇಳುತ್ತಿದ್ದವರು ಅಣ್ಣ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಪರದೆಯ ಗೆರೆ ಕಂಡರೆ ಕಣ್ಣು ಕಿವಿಗೆ ಚಾಡಿ ಹೇಳುತ್ತದೆ ಎಂಬುದು ಅವರ ವಾದ. ಪುಟ್ಟಿ ನಾಬ್ ತಿರುಗಿಸುವುದು, ಅಣ್ಣ ಗೋಡೆಗೆ ತೀರ್ಪು ಹೇಳುವುದು. ತೀರ್ಪೆಲ್ಲ ಅಡುಗೆಯ ಮಾತಿನಲ್ಲೇ. "ಇನ್ನೂ ಹಸಿ." "ಹಸಿ." "ಬೇಯ್ತಾ ಇದೆ." "ಹಾಂ, ಬೆಂತು, ಮುಟ್ಬೇಡ!" "ಅಯ್ಯೋ, ಸೀಸಿಬಿಟ್ಯಲ್ಲ ಪುಟ್ಟೀ." ಹಸಿ ಎಂದರೆ ಯಾವ ಕೆಪಾಸಿಟರ್ ಬದಲಾಯಿಸಬೇಕು, ಸೀದದ್ದು ಎಂದರೆ ಎಲ್ಲಿ ರೆಸಿಸ್ಟರ್ ಹಾಕಬೇಕು ಎಂಬುದು ಲೋಕದಲ್ಲಿ ಇವರಿಬ್ಬರಿಗೇ ಗೊತ್ತು. ತಿಂಗಳಿಗೆ ನಾಲ್ಕೈದು ವಾದ್ಯ ಹೀಗೆ ಬೆಂದು ಹೊರಬೀಳುತ್ತಿದ್ದವು. ಅಣ್ಣ ಬೆಂತು ಎನ್ನದೆ ಯಾವ ಪೆಟ್ಟಿಗೆಗೂ ತಿರುಪು ಬಿದ್ದದ್ದಿಲ್ಲ.

ನಾಲ್ಕು ತಿಂಗಳ ಹಿಂದೆ ಕೆಟ್ಟದ್ದೂ ಇದೇ ನಂಬಿಕೆಯಿಂದ. ಬ್ಯಾಂಡೊಂದರಲ್ಲಿ ನುಡಿಸುವ ಹುಡುಗಿಯ ಸಿಂತಸೈಜರಿಗೆ ಅಕ್ಕ ಪ್ರತಿಧ್ವನಿಯ ಸರ್ಕಿಟ್ ಹಾಕಿದ್ದರು. ಸಾಲಾಗಿ ನಿಂತವರು ಕೈಯಿಂದ ಕೈಗೆ ಬಕೆಟ್ ದಾಟಿಸಿದ ಹಾಗೆ ಸ್ವರವನ್ನು ದಾಟಿಸಿ ತಡಮಾಡಿ ತಲುಪಿಸುವ ಚಿಪ್ ಅದು. ದಾಟಿಸುವವರಿಗೆ ತಾಳ ಹಾಕಲು ಒಳಗೇ ಒಂದು ಸಿಳ್ಳೆ ಇರುತ್ತದೆ. ಅದು ಹೊರಗೆ ಕೇಳಬಾರದು. ಕೊನೆಯ ಪರೀಕ್ಷೆಯ ದಿನ ಅಕ್ಕನ ಕಿವಿಗೆ ಏನೋ ಸುಂಯ್ ಎಂದಿತು.

"ಅಣ್ಣಾ, ಏನೋ ಸುಂಯ್ ಅಂತಿದೆ ಅಲ್ವಾ?"

"ಏನೂ ಇಲ್ಲ. ಬೆಂದಿದೆ. ಮುಚ್ಚು."

ಅಣ್ಣ ಇಲ್ಲ ಎಂದ ಮೇಲೆ ಇಲ್ಲ. ಸ್ವರಜ್ಞಾನ ಇಲ್ಲದ ತನ್ನ ಕಿವಿಯಲ್ಲೇ ಏನೋ ದೋಷ ಎಂದುಕೊಂಡರು ಅಕ್ಕ. ತಿರುಪು ಹಾಕಿ ವಾದ್ಯ ಕಳಿಸಿಕೊಟ್ಟು, ನೇರವಾಗಿ ಕಿವಿ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, "ನಿಮ್ಮ ವಯಸ್ಸಿಗೆ ಬಹಳ ಚೆನ್ನಾಗಿದೆ, ಅಮ್ಮಾ. ಏನೂ ತೊಂದರೆ ಇಲ್ಲ" ಎಂದರು. ಒಳ್ಳೆಯ ಸುದ್ದಿ ಕೇಳಿ ಅಷ್ಟು ಸಪ್ಪಗಾದ ಇನ್ನೊಬ್ಬರನ್ನು ಆ ಡಾಕ್ಟರು ಕಂಡಿರಲಾರರು. ತನ್ನ ಕಿವಿ ಸರಿ ಇದೆ ಎಂದರೆ ಯಾರ ಕಿವಿ ಸರಿ ಇಲ್ಲ ಎಂಬುದು ಬಸ್ಸು ಹತ್ತುವ ಹೊತ್ತಿಗೆ ಅಕ್ಕನಿಗೆ ಹೊಳೆದಿತ್ತು.

ಮನೆಗೆ ಬಂದರೆ ಆ ಹುಡುಗಿಯೂ ಬಂದು ಕೂತಿದ್ದಾಳೆ. ಮೇಜಿನ ಮೇಲೆ ವಾದ್ಯ.

"ಅಕ್ಕಾ, ಒಳಗೆ ಒಂದು ಸೊಳ್ಳೆ ಬಿಟ್ಟು ಕಳಿಸಿದೀರಿ. ರೆಕಾರ್ಡಿಂಗ್ ಪೂರ್ತಿ ಅದೇ ಹಾಡಿದೆ."

"ಯಾವ ಸೊಳ್ಳೆ?" ಎಂದರು ಅಣ್ಣ. ಹುಡುಗಿ ಸ್ವಿಚ್ ಹಾಕಿ ನಾಬ್ ತಿರುಗಿಸಿದಳು. ಅಣ್ಣ ಬಗ್ಗಿದರು. ಸ್ಪೀಕರಿಗೆ ಕಿವಿ ಹಚ್ಚಿದರು. ಇನ್ನೊಂದು ಕಿವಿ ಹಚ್ಚಿದರು. ಅಡುಗೆಮನೆಯಿಂದ ಅತ್ತಿಗೆ, "ಅಯ್ಯೋ, ಅದೇನು ಸಿಳ್ಳೆ, ಇಲ್ಲಿಗೇ ಕೇಳ್ತಿದೆಯಲ್ರೀ!" ಎಂದು ಹೊರಬಂದವರು, ಗಂಡನ ಮುಖ ಕಂಡು ನಾಲಿಗೆ ಕಚ್ಚಿಕೊಂಡರು.

"ತಪ್ಪು ನಂದೇ. ಒಂದು ಕೆಪಾಸಿಟರ್ ಹಾಕೋದು ಮರೆತೆ," ಎಂದರು ಅಕ್ಕ ಅವಸರವಾಗಿ. ಅದು ನಿಜವೂ ಹೌದು. ಆದರೆ ಅಣ್ಣ ಆಗಲೇ ಚಪ್ಪಲಿ ಮೆಟ್ಟಿ ಆಗಿತ್ತು.

ಅಂದಿನಿಂದ ಸ್ಟೂಲು ಖಾಲಿ. ಕರೆದರೆ, "ಮೀಟರ್ ಇದೆಯಲ್ಲ, ಅದನ್ನೇ ಕೇಳು" ಎಂಬ ಉತ್ತರ. ಕಿವಿಗೆ ಯಂತ್ರ ಬಂತು. ಮಾತು ಕೇಳುವುದಕ್ಕೆ ಅದು ಸಾಕು. ನುಡಿಸಲು ಕೂತರೆ ಮಾತ್ರ ಮೇಲಿನ ಸ್ವರಗಳು ತಗಡಿನ ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದಂತೆ ಕೇಳುತ್ತವೆ ಎಂದು ಒಮ್ಮೆ ಹೆಂಡತಿಯ ಬಳಿ ಹೇಳಿಕೊಂಡರಂತೆ. ತಮ್ಮ ಸಿಂತಸೈಜರಿಗೆ ಬಟ್ಟೆ ಹೊದಿಸಿ ಮೂಲೆಗಿಟ್ಟರು. ಪೇಪರು ಓದುವುದೊಂದೇ ಕೆಲಸ. ಒಂದೇ ಪುಟವನ್ನು ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಊಟದವರೆಗೂ ಓದುತ್ತಾರೆ. ಅಕ್ಕನ ಮೇಜಿನ ಮೇಲೆ ಬಿಚ್ಚಿದ ವಾದ್ಯಗಳು ಸಾಲುಗಟ್ಟಿದವು. ಯಾವುದಕ್ಕೂ ತಿರುಪು ಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಮೀಟರು ಸರಿ ಎನ್ನುತ್ತದೆ, ಬೆಂದಿದೆ ಎನ್ನುವವರಿಲ್ಲ.

ದಾರಿ ತೋರಿಸಿದ್ದು ಅಣ್ಣನ ಬೆರಳೇ. ಒಂದು ದಿನ ಅಕ್ಕ ಯಾವುದೋ ವಾದ್ಯದ ಕೆಳಸ್ವರಗಳನ್ನು ಪರೀಕ್ಷಿಸುತ್ತಿದ್ದಾಗ, ಕರೆಂಟ್ ಬಿಲ್ ಹುಡುಕಲು ಬಂದ ಅಣ್ಣ ಮೇಜಿಗೆ ಮೊಣಕೈ ಊರಿ ನಿಂತರು. ಬೇರೆಲ್ಲೋ ನೋಡುತ್ತಿದ್ದ ಅವರ ಬೆರಳು ಮೇಜಿನ ಅಂಚಿನ ಮೇಲೆ ತಾನಾಗಿ ಲಯ ಹಿಡಿಯಿತು. ಅಕ್ಕ ಅದನ್ನು ಕಂಡೂ ಕಾಣದವರಂತೆ ಅದೇ ಸ್ವರಗಳನ್ನು ಒತ್ತುತ್ತಲೇ ಇದ್ದರು. ಬಿಲ್ಲು ತಮ್ಮ ಬಳಿಯೇ ಇದ್ದರೂ, ಇನ್ನಷ್ಟು ಹೊತ್ತು ಹುಡುಕಲಿ ಎಂದು ಕೊಡಲಿಲ್ಲ.

ಮರುದಿನದಿಂದಲೇ ಹೊಸ ಬೋರ್ಡಿಗೆ ಗೆರೆ ಬಿತ್ತು. ಸ್ವರ ಎರಡು ಸಲ ನಡುಗಿದರೆ ಒಂದೇ ಸಲ ಎಂದು ಎಣಿಸುವ ಸರ್ಕಿಟ್. ಹಾಗೆ ಎಣಿಸಿದರೆ ಸ್ವರ ಅರ್ಧಕ್ಕಿಳಿಯುತ್ತದೆ. ಇನ್ನೊಮ್ಮೆ ಎಣಿಸಿದರೆ ಕಾಲು ಭಾಗಕ್ಕೆ. ಕೇಳುವವರ ಸ್ಪೀಕರಿಗೆ ಮೂಲ ಸ್ವರವೇ ಹೋಗುತ್ತದೆ. ಅದರ ಒಂದು ಕವಲು ಮಾತ್ರ ಹೀಗೆ ಕೆಳಗಿಳಿದು, ಕೀಗಳ ಮುಂದೆ ಕೂರಿಸಿದ ಹಲಗೆಗೆ ಹೋಗುತ್ತದೆ. ಹಲಗೆಯ ಅಡಿಯಲ್ಲಿ ಅದನ್ನು ನಡುಗಿಸಲು, ಕಾಗದ ಕಿತ್ತ ಸ್ಪೀಕರಿನ ಹೊಟ್ಟೆ. ನುಡಿಸುವವರ ಮುಂಗೈ ಆ ಹಲಗೆಯ ಮೇಲಿರುತ್ತದೆ. ಕಿವಿ ಬಿಟ್ಟುಬಿಟ್ಟ ಮೇಲಿನ ಸ್ವರಗಳು ಮೂಳೆಯೊಳಗೆ ಇಳಿದು ಬರಬೇಕು.

ಮೊದಲ ಪ್ರಯತ್ನದಲ್ಲಿ ಹಲಗೆ ಎಷ್ಟು ಕುಣಿಯಿತೆಂದರೆ ಮೇಜಿನ ಮೇಲಿದ್ದ ಅತ್ತಿಗೆಯ ಕಾಫಿ ಲೋಟ ತಾನೇ ನಡೆದುಕೊಂಡು ಹೋಗಿ ಕೆಳಗೆ ಬಿತ್ತು.

"ಇದರ ಮೇಲೆ ಕೈ ಇಟ್ರೆ ಅವರಿಗೆ ಸಂಗೀತ ಕೇಳ್ಸುತ್ತೋ, ಹಲ್ಲು ಉದುರುತ್ತೋ?" ಎಂದರು ಅತ್ತಿಗೆ.

"ಯಾರಿಗೆ?" ಪೇಪರಿನ ಹಿಂದಿನಿಂದ ದನಿ ಬಂತು. ಬೇಡವಾದಾಗ ಎಲ್ಲವೂ ಕೇಳುವ ಕಿವಿ ಅದು.

"ಒಬ್ಬ ಗಿರಾಕಿಗೆ ಅಣ್ಣಾ. ಕಿವಿ ಸ್ವಲ್ಪ ಮಂದವಂತೆ," ಎಂದರು ಅಕ್ಕ.

"ಗಿರಾಕಿಗೆ ವಯಸ್ಸೆಷ್ಟು?"

"ನಿನ್ನಷ್ಟೇ ಇರಬೇಕು."

"ನೋಡೋಕೆ?"

"ನಿನಗಿಂತ ಪರವಾಗಿಲ್ಲ."

"ಸ್ವಭಾವ?"

"ಅದನ್ನ ಕೇಳ್ಬೇಡಿ," ಎಂದರು ಅತ್ತಿಗೆ.

ಪೇಪರು ಕೆಳಗಿಳಿಯಿತು. ಅಣ್ಣ ಎದ್ದು ಬಂದು ಹಲಗೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದರು. ಮುಖ ಕಿವುಚಿದರು. "ಆ ಗಿರಾಕಿಗೆ ಹೇಳು, ಪ್ಲೈವುಡ್ ಹಾಕಿದ್ರೆ ನಾನು ಕೂರಲ್ಲ ಅಂತ. ಅಂಟು ತುಂಬಿದ ಮರ, ಸ್ವರಾನ ನುಂಗಿಹಾಕುತ್ತೆ. ಅಟ್ಟದ ಮೇಲೆ ಹಳೇ ಕಪಾಟಿನ ಬಾಗಿಲು ಇದೆ ನೋಡು, ಒಂದೇ ಮರದ್ದು." ಮತ್ತೆ ಹೋಗಿ ಪೇಪರಿನ ಹಿಂದೆ ಕೂತರು. ತಾನು ಏನು ಹೇಳಿಬಿಟ್ಟೆ ಎಂಬುದು ಅವರಿಗೆ ಹೊಳೆಯಿತೋ ಇಲ್ಲವೋ. ಅಕ್ಕ ಆಗಲೇ ಅಟ್ಟದ ಏಣಿ ಹತ್ತಿದ್ದರು.

ಅದೆಲ್ಲ ಹೋದ ವಾರದ ಮಾತು. ಈಗ ಬೆಳಕು ಹರಿದಿದೆ. ಒಣಗಿದ ಕೀಗಳನ್ನು ಅಕ್ಕ ನಡುಮನೆಯಲ್ಲಿಟ್ಟ ವಾದ್ಯಕ್ಕೆ ಒಂದೊಂದಾಗಿ ಕೂರಿಸುತ್ತಾರೆ. ಕಪಾಟಿನ ಬಾಗಿಲಿನಿಂದ ಕೊಯ್ದು ನಯಗೊಳಿಸಿದ ಹಲಗೆ ಮುಂದೆ ಸೇರಿದೆ. ಸ್ವಿಚ್ ಹಾಕಿ ಕಾಯುತ್ತಾರೆ. ಈ ವಾದ್ಯಗಳಿಗೆ ಮೈ ಕಾಯಬೇಕು, ಅಲ್ಲಿಯವರೆಗೆ ಸ್ವರ ಒಂದೆಡೆ ನಿಲ್ಲುವುದಿಲ್ಲ. ಬೆರಳ ತುದಿಯಲ್ಲಿ ಹಳೆಯ ಸುಟ್ಟ ಕಲೆಗಳಿರುವ ಕೈಯನ್ನು ಪೆಟ್ಟಿಗೆಯ ಬೆನ್ನ ಮೇಲಿಟ್ಟು, ಜ್ವರ ನೋಡುವವರ ಹಾಗೆ ನಿಂತಿದ್ದಾರೆ.

ಅಣ್ಣ ಹಲ್ಲುಜ್ಜಿ ಬರುತ್ತಾರೆ. ಕಾಫಿ ಕುಡಿಯುತ್ತಾರೆ. ಪೇಪರು ಇನ್ನೂ ಬಂದಿಲ್ಲ ಎಂದು ಗೊಣಗುತ್ತಾರೆ. ಪೇಪರು ಬಂದಿದೆ. ಅತ್ತಿಗೆ ಅದನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದಾರೆ. ಬೇರೆ ದಾರಿ ಕಾಣದೆ ಅಣ್ಣ ನಡುಮನೆಗೆ ಬಂದು ನಿಲ್ಲುತ್ತಾರೆ.

"ಬಂದನಾ ನಿನ್ನ ಗಿರಾಕಿ?"

"ಇನ್ನೂ ಇಲ್ಲ. ಕೂತ್ಕೊಂಡು ನೋಡು, ಅವನಿಗೆ ಸರಿಹೋಗುತ್ತಾ ಅಂತ."

ಕೂರುತ್ತಾರೆ. ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಮುಂಗೈಗಳನ್ನು ಹಲಗೆಯ ಮೇಲಿಟ್ಟು, ನಡುವಿನ ಕೀಗಳನ್ನು ಬಿಟ್ಟು, ನೇರವಾಗಿ ಬಲತುದಿಯ ಬಿಳಿ ಕೀಯನ್ನು ಒತ್ತುತ್ತಾರೆ. ತಟ್ಟನೆ ಕೈ ಎತ್ತಿಬಿಡುತ್ತಾರೆ. ಬಗ್ಗಿ ಹಲಗೆಯ ಅಡಿ ನೋಡುತ್ತಾರೆ. ಮತ್ತೆ ಒತ್ತುತ್ತಾರೆ, ಈ ಸಲ ಎತ್ತುವುದಿಲ್ಲ. ಅದರ ಪಕ್ಕದ್ದು. ಅದರ ಪಕ್ಕದ್ದು. ಅತ್ತಿಗೆ ಕೈಯಲ್ಲಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

"ಪುಟ್ಟೀ."

"ಏನಣ್ಣಾ?"

"ಸ್ವಲ್ಪ ಹಸಿ ಇದೆ."

ಅಕ್ಕ ಸ್ಕ್ರೂಡ್ರೈವರ್ ತೆಗೆದುಕೊಂಡು ಪೆಟ್ಟಿಗೆಯ ಬೆನ್ನಿಗೆ ಹೋಗಿ ಕೂರುತ್ತಾರೆ. ಅಣ್ಣ ಕಣ್ಣು ಮುಚ್ಚಿ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ. ಹಸಿ, ಹಸಿ, ಬೇಯ್ತಾ ಇದೆ. ಬೆಂತು ಎಂದು ಮಾತ್ರ ಅವರು ಹೇಳುವುದಿಲ್ಲ. ಹೇಳುವ ಬದಲು ಎರಡೂ ಕೈಯಿಂದ ನುಡಿಸತೊಡಗುತ್ತಾರೆ. ಅಕ್ಕ ಮೆಲ್ಲನೆ ಎದ್ದು ಮುಂದಿನ ಕೋಣೆಗೆ ಬಂದು, ಮೂಗು ಸೀಟುತ್ತಾ ಬೇರೆ ವಾದ್ಯಗಳ ತಿರುಪುಗಳನ್ನು ಸುಮ್ಮನೆ ಎಣಿಸುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ನಾಚಿಕೊಳ್ಳುತ್ತಾರೆ. "ಆಸೆ ಏನು ಬಂತು. ಅತ್ತಿಗೇಗೆ ಒಂದು ಕೇಕ್ ತಟ್ಟೆ ತಂದುಕೊಡ್ಬೇಕು. ನಾನು ಮುಟ್ಟದೇ ಇರೋದು."

ಅಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ಯಾರೋ ವಾದ್ಯಗಾರ, ತನ್ನದು ಯಾವಾಗ ಸಿಗುತ್ತದೆ ಎಂದು ಕೇಳುತ್ತಿರಬೇಕು. ಅಕ್ಕ ಒಂದು ಕಿವಿಗೆ ಫೋನು ಒತ್ತಿ, ಇನ್ನೊಂದಕ್ಕೆ ಅಂಗೈ ಮುಚ್ಚುತ್ತಾರೆ. ಏನೂ ಕೇಳುವುದಿಲ್ಲ. ಗೋಡೆಗೆ ನೇತುಹಾಕಿದ ಇಕ್ಕಳಗಳೂ ಸಣ್ಣಗೆ ಕಿಣಿಗುಡುತ್ತಿವೆ. ಬಾಗಿಲ ಕಡೆ ಕತ್ತು ಚಾಚಿ ಕೂಗುತ್ತಾರೆ:

"ಅಣ್ಣಾ, ಫೋನ್ ಬಂದಿದೆ. ಸ್ವಲ್ಪ ಸಣ್ಣಗೆ ಮಾಡೋ!"

ಒಳಗೆ, ಕಿವಿಯ ಯಂತ್ರವನ್ನು ಜೇಬಿನಲ್ಲೇ ಇಟ್ಟುಕೊಂಡ ಅಣ್ಣ ಮುಂದಿನ ಹಾಡಿಗೆ ಕೈ ಹಾಕುತ್ತಾರೆ.